ಬೆಲ್ಲದಿಂದ ಧೂಳು ಇಳಿಯದು

ಮಾನ್ಯರೇ,

ಕುಶಾಲನಗರದ ಕಾಫಿ ಕ್ಯೂರಿಂಗ್ ಘಟಕವೊಂದರಲ್ಲಿ ನಾನು ಬೀಜ ಆರಿಸುವವಳು. ಚೆರ್ರಿ ಹಲ್ಲಿಂಗ್, ಅಂದರೆ ಒಣಗಿದ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಕೆಲಸ, ಶುರುವಾದರೆ ಹೊಟ್ಟಿನ ಧೂಳು ಕಣ್ರೆಪ್ಪೆಯ ಮೇಲೂ ಕೂರುತ್ತದೆ. ‘ಬೆಲ್ಲ ತಿನ್ನಿ, ಎಲ್ಲ ಇಳಿಯುತ್ತೆ’ ಅನ್ನುತ್ತಾರೆ ಮೇಸ್ತ್ರಿ. ಬೆಲ್ಲ ಇಳಿಯುವುದು ಅನ್ನನಾಳಕ್ಕೆ ಸ್ವಾಮಿ, ಶ್ವಾಸನಾಳಕ್ಕಲ್ಲ!

ದಪ್ಪ ಧೂಳನ್ನು ಮೂಗಿನ ಕೂದಲು, ಸಿಂಬಳ ತಡೆಯುತ್ತವೆ. ಶ್ವಾಸನಾಳಕ್ಕೆ ಇಳಿದದ್ದು ಅಲ್ಲಿನ ಲೋಳೆಗೆ ಅಂಟುತ್ತದೆ. ಸೂಕ್ಷ್ಮ ರೋಮಗಳು ಅದನ್ನು ಗಂಟಲಿಗೆ ತಳ್ಳುತ್ತವೆ, ನಾವು ಕೆಮ್ಮಿ ಉಗಿಯುತ್ತೇವೆ. ಆದರೆ 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು ಶ್ವಾಸಕೋಶದ ಗಾಳಿಚೀಲಗಳವರೆಗೂ ಹೋಗಬಲ್ಲವು. ಆಮ್ಲಜನಕ ರಕ್ತ ಸೇರುವುದು ಅಲ್ಲೇ, ಮತ್ತು ಅಲ್ಲಿ ಆ ರೋಮಗಳಿಲ್ಲ.

ಮುಖಕ್ಕೆ ಸುತ್ತುವ ವೇಲ್ ಇದನ್ನು ತಡೆಯದು. ಯಂತ್ರದ ಬಳಿಯೇ ಧೂಳು ಹೀರುವ ವ್ಯವಸ್ಥೆ, ಎನ್95 ಮಾಸ್ಕ್ ಕೊಡಿಸಲು ಕಾರ್ಖಾನೆಗಳ ಇಲಾಖೆ ಹಲ್ಲಿಂಗ್ ಸಮಯದಲ್ಲೇ ತಪಾಸಣೆಗೆ ಬರಲಿ.

– ಕಾರ್ಮಿಕ ಮಹಿಳೆ, ಕುಶಾಲನಗರ