ಮೊದಲು ಉಣಿಸಿ, ಆಮೇಲೆ ಪಾಷಾಣ ಇಡಿ

ಸಂಪಾದಕರಿಗೆ,

ಭತ್ತದ ಗದ್ದೆಯಲ್ಲಿ ಇಲಿ ಕಾಟ ಶುರುವಾಯಿತೆಂದರೆ ಜಿಂಕ್ ಫಾಸ್ಫೈಡ್ ಎಂಬ ಇಲಿ ಪಾಷಾಣದ ಪೊಟ್ಟಣ ತಂದು, ನುಚ್ಚಿಗೆ ಕಲಸಿ, ಅದೇ ಸಂಜೆ ಬದುವಿನ ಬಿಲಗಳಿಗೆ ಹಾಕಿ ಬರುವುದು ರೂಢಿ. ಮಾರನೆಯ ದಿನ ನಾಲ್ಕಾರು ಹೆಗ್ಗಣ ಸತ್ತು ಬಿದ್ದಿರುತ್ತವೆ. ವಾರ ಬಿಟ್ಟು ಮತ್ತೆ ಅದನ್ನೇ ಇಟ್ಟರೆ ಮುಟ್ಟುವ ಇಲಿಯೇ ಇರುವುದಿಲ್ಲ. ‘ಔಷಧಿ ಕಲಬೆರಕೆ’ ಎಂದು ಅಂಗಡಿಯವರ ಮೇಲೆ ದೂರು ಹೋಗುತ್ತದೆ. ಕಲಬೆರಕೆ ಇರಲೂಬಹುದು. ಆದರೆ ಹೆಚ್ಚಿನ ಸಲ, ಮೊದಲ ಸಂಜೆಯೇ ನಾವು ಇಲಿಗಳಿಗೆ ಪಾಠ ಹೇಳಿಕೊಟ್ಟಿರುತ್ತೇವೆ.

ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ಹಾಗಾಗಿ ಹೊಸ ತಿನಿಸು ಕಂಡರೆ ಚೂರೇ ಚೂರು ಕಚ್ಚಿ ನೋಡಿ ಬಿಡುತ್ತದೆ. ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲಕ್ಕೆ ಸಿಕ್ಕಿ ಫಾಸ್ಫೀನ್ ಅನಿಲವಾಗುತ್ತದೆ. ಸಾಕಷ್ಟು ತಿಂದದ್ದು ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಚೂರು ಕಚ್ಚಿದ್ದು ನರಳಿ ಬದುಕಿಕೊಳ್ಳುತ್ತದೆ. ಬದುಕಿದ್ದು ಆ ರುಚಿಯನ್ನು ಮರೆಯುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಜಾನ್ ಗಾರ್ಸಿಯಾ 1955ರಲ್ಲೇ ಇದನ್ನು ತೋರಿಸಿದ್ದರು: ಸ್ಯಾಕರಿನ್ ನೀರು ಕುಡಿಯುವ ಹೊತ್ತಿಗೆ ವಿಕಿರಣಕ್ಕೆ ಒಡ್ಡಿದ ಇಲಿಗಳು ಆಮೇಲೆ ಆ ಸಿಹಿನೀರಿನಿಂದ ದೂರವೇ ಉಳಿದವು. ತಿಂದು ಗಂಟೆಗಳು ಕಳೆದು ಕಾಯಿಲೆ ಬಿದ್ದರೂ ಇಲಿ ಹಾಗೆಯೇ ಗಂಟು ಹಾಕುತ್ತದೆ ಎಂಬುದು ನಂತರ ಗೊತ್ತಾಯಿತು. 1966ರ ಪ್ರಯೋಗದಲ್ಲಿ ಇಲಿಗಳು ಹೊಟ್ಟೆ ಕೆಟ್ಟಾಗ ದೂರಿದ್ದು ರುಚಿಯನ್ನು, ಅದರ ಜೊತೆಗಿದ್ದ ಬೆಳಕು-ಸದ್ದನ್ನಲ್ಲ. ಪೊಟ್ಟಣದ ಕಾಗದ ಬದಲಿಸಿದರೆ ಪ್ರಯೋಜನವಿಲ್ಲ ಎಂಬುದು ಇದರಿಂದ ಸ್ಪಷ್ಟ. ನುಚ್ಚಿನ ಬದಲು ಜೋಳ ಹಾಕಿದರೆ ಸ್ವಲ್ಪ ಗುಣ ಕಂಡೀತು. ಆದರೆ ವಿಷದ ರುಚಿಯನ್ನೇ ಗುರುತಿಟ್ಟ ಇಲಿ ಅದನ್ನೂ ಬಿಡುತ್ತದೆ. ಈ ಹಿಂಜರಿಕೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತದೆ.

ಒಂದು ಇಲಿ ಸತ್ತರೆ ಉಳಿದವಕ್ಕೆ ಸುದ್ದಿ ಮುಟ್ಟುತ್ತದೆ ಎಂಬ ನಂಬಿಕೆ ಊರೂರಲ್ಲಿದೆ. ಕೆನಡಾದ ಮನೋವಿಜ್ಞಾನಿ ಬೆನೆಟ್ ಗ್ಯಾಲೆಫ್ ಅವರ ಪ್ರಯೋಗಗಳಲ್ಲಿ ಕಂಡದ್ದು ಬಹುಪಾಲು ಇದಕ್ಕೆ ವಿರುದ್ಧ. ತಿಂದು ಬಂದ ಇಲಿಯ ಬಾಯಿ ಮೂಸಿದ ಇನ್ನೊಂದು ಇಲಿ ಅದೇ ತಿನಿಸನ್ನು ಹೆಚ್ಚು ಇಷ್ಟಪಡುತ್ತದೆ. ಉಸಿರಿನಲ್ಲಿರುವ ಕಾರ್ಬನ್ ಡೈಸಲ್ಫೈಡ್ ಇದಕ್ಕೆ ನೆರವಾಗುತ್ತದೆ. ತಿಂದ ಇಲಿ ಕಾಯಿಲೆ ಬಿದ್ದಿದ್ದರೂ ಮೂಸಿದ್ದು ಆ ತಿನಿಸನ್ನು ಬಿಡಲಿಲ್ಲ. ‘ಇದು ತಿನ್ನಬಹುದು’ ಎಂಬುದು ಹರಡುತ್ತದೆ, ‘ಇದು ಬೇಡ’ ಎಂಬುದನ್ನು ಪ್ರತಿ ಇಲಿಯೂ ತಾನೇ ಕಚ್ಚಿ ಕಲಿಯಬೇಕು. ವಿಷವಿಲ್ಲದ ತಿನಿಸನ್ನು ಮೊದಲು ಇಡಬೇಕೆನ್ನುವುದು ಇದಕ್ಕೇ. ಎರಡು ರಾತ್ರಿ ತಿಂದ ಇಲಿಗಳೇ ಉಳಿದವಕ್ಕೆ ನಮ್ಮ ನುಚ್ಚಿನ ಪ್ರಚಾರ ಮಾಡುತ್ತವೆ.

ತಿನಿಸು ಇಡುವ ಜಾಗವೂ ಬದಲಾಗಬಾರದು. ಎಡಿನ್‌ಬರೊದಲ್ಲಿ ನರವಿಜ್ಞಾನಿ ರಿಚರ್ಡ್ ಮಾರಿಸ್ ಅವರ ತಂಡ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಯಾವ ರುಚಿಯ ತಿಂಡಿ ಯಾವ ಮರಳುಗುಳಿಯಲ್ಲಿದೆ ಎಂಬ ಆರು ಜೋಡಿ ಕಲಿಯಲು ಇಲಿಗಳಿಗೆ ವಾರಗಳೇ ಹಿಡಿದವು. ಆ ಜಾಗ ಪಳಗಿದ ಮೇಲೆ ಹೊಸ ಜೋಡಿಯನ್ನು ಒಂದೇ ಸಲಕ್ಕೆ ಕಲಿತವು. ಎರಡು ದಿನ ಬಿಟ್ಟು ಮಿದುಳಿನಲ್ಲಿ ಹೊಸ ನೆನಪು ಕಟ್ಟುವ ಹಿಪೊಕ್ಯಾಂಪಸ್ ಭಾಗವನ್ನು ಹಾಳುಗೆಡವಿದರೂ ಆ ನೆನಪು ಉಳಿದಿತ್ತು. ಹಳೆಯ ತಿಳಿವಳಿಕೆ ಇದ್ದ ಕಡೆ ಹೊಸದು ಬೇಗ ಕೂರುತ್ತದೆ. ತನ್ನ ಬದು, ತನ್ನ ದಾರಿ ಬಲ್ಲ ಹೆಗ್ಗಣವೂ ಪ್ರಯೋಗಾಲಯದ ಇಲಿಗಿಂತ ದಡ್ಡನಲ್ಲ.

ಕ್ರಮ ಹೀಗಿರಲಿ. ಮೊದಲ ಸಂಜೆ ಎಲ್ಲ ಬಿಲಗಳನ್ನೂ ಮಣ್ಣಿನಿಂದ ಮುಚ್ಚಿ. ಬೆಳಿಗ್ಗೆ ತೆರೆದುಕೊಂಡವು ಮಾತ್ರ ಇಲಿ ಇರುವ ಬಿಲ. ಅವಕ್ಕೆ ಗುರುತು ಹಾಕಿ. ಎರಡರಿಂದ ಮೂರು ಸಂಜೆ ಎಣ್ಣೆ ಸವರಿದ ನುಚ್ಚನ್ನು ಬಿಲಕ್ಕೆ 15ರಿಂದ 20 ಗ್ರಾಂನಂತೆ ಕಾಗದದ ಪೊಟ್ಟಣದಲ್ಲಿ ಇಡಿ. ಆಮೇಲಿನ ಸಂಜೆ 96 ಭಾಗ ಅದೇ ನುಚ್ಚು, 2 ಭಾಗ ಅದೇ ಎಣ್ಣೆ, 2 ಭಾಗ ಜಿಂಕ್ ಫಾಸ್ಫೈಡ್ ಸೇರಿಸಿ ಬಿಲಕ್ಕೆ 10 ಗ್ರಾಂ ಪೊಟ್ಟಣ ಒಳಗೆ ತಳ್ಳಿ. ಎಣ್ಣೆಯನ್ನು ಮೊದಲು ನುಚ್ಚಿಗೆ ಸವರಿ, ಆಮೇಲೆ ಪುಡಿ ಉದುರಿಸಿ ಕೋಲಿನಿಂದ ಕಲಸಬೇಕು. ಇಲ್ಲವಾದರೆ ಪುಡಿ ತಳಕ್ಕಿಳಿದು ಕೆಲವು ಪೊಟ್ಟಣಗಳಲ್ಲಿ ವಿಷವೇ ಕಡಿಮೆಯಾಗುತ್ತದೆ. ಪಾಷಾಣ ಜಾಸ್ತಿ ಹಾಕಿದರೆ ಬೇಗ ಸಾಯುತ್ತವೆ ಎಂದು ದುಪ್ಪಟ್ಟು ಸುರಿಯುವವರಿದ್ದಾರೆ. ಬೆಳ್ಳುಳ್ಳಿಯಂಥ ವಾಸನೆ ಹೆಚ್ಚಿ ಇಲಿ ಕಡಿಮೆ ತಿನ್ನುತ್ತದೆ, ಅಷ್ಟೇ. ತೇವಕ್ಕೆ ಪುಡಿ ಸತ್ವ ಕಳೆದುಕೊಳ್ಳುವುದರಿಂದ ಮಳೆ ಮೋಡವಿದ್ದ ದಿನ ಬೇಡ. ಇದಕ್ಕೆ ಪ್ರತಿವಿಷ ಇಲ್ಲ: ಕೈಗವಸು ಬೇಕೇ ಬೇಕು, ಅಡುಗೆ ಪಾತ್ರೆ ಕೂಡದು. ಮಾರನೆಯ ಬೆಳಿಗ್ಗೆ ಸತ್ತ ಇಲಿ, ಮಿಕ್ಕ ಪೊಟ್ಟಣ ಎರಡನ್ನೂ ಆಯ್ದು ಆಳವಾಗಿ ಹೂಳಿ.

ಬಿಲಗಳನ್ನು ಮತ್ತೆ ಮುಚ್ಚಿ. ವಾರದ ನಂತರವೂ ತೆರೆದುಕೊಳ್ಳುವ ಬಿಲಗಳಿಗೆ ಜಿಂಕ್ ಫಾಸ್ಫೈಡ್ ಎರಡನೇ ಸಲ ಬೇಡವೇ ಬೇಡ. ಅಲ್ಲಿ ಬ್ರೊಮಾಡಿಯೊಲೋನ್ ಬಳಸಿ: ಶೇ 0.25ರ ಪುಡಿ 2 ಭಾಗ, ಎಣ್ಣೆ 2, ನುಚ್ಚು 96. ಬಿಲಕ್ಕೆ 15 ಗ್ರಾಂ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಈ ವಿಷಕ್ಕೆ ಇಲಿ ಸಾಯುವುದು ನಾಲ್ಕೈದು ದಿನಗಳ ಮೇಲೆ. ತಿಂದದ್ದಕ್ಕೂ ಸಂಕಟಕ್ಕೂ ನಂಟು ಕಟ್ಟಲು ಅದಕ್ಕೆ ಆಗುವುದಿಲ್ಲ.

ಇದೆಲ್ಲ ಪೈರು ಹೊಡೆಗೆ ಬರುವ ಮುನ್ನ ಮುಗಿಯಬೇಕು. ಕಾಳು ಕಟ್ಟಿದ ಮೇಲೆ ನಮ್ಮ ನುಚ್ಚು ಯಾವ ಇಲಿಗೂ ಬೇಡ. ಒಬ್ಬರೇ ಮಾಡಿದರೆ ಪಕ್ಕದ ಗದ್ದೆಯ ಇಲಿಗಳು ಖಾಲಿ ಬಿಲ ಹೊಕ್ಕುತ್ತವೆ, ಆದ್ದರಿಂದ ಒಂದು ಕಾಲುವೆಯ ಕೆಳಗಿನವರೆಲ್ಲ ಒಂದೇ ವಾರ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ರೈತ ಸಂಪರ್ಕ ಕೇಂದ್ರಗಳು ಇಲಿ ಪಾಷಾಣದ ಬಗ್ಗೆ ಸಲಹೆ ಕೊಡುವಾಗ ‘ಮೊದಲು ಎರಡು-ಮೂರು ಸಂಜೆ ಬರೀ ನುಚ್ಚು’ ಎಂಬುದನ್ನು ದಪ್ಪಕ್ಷರದಲ್ಲಿ ಬರೆದು ಹಚ್ಚಲಿ.

– ಇಬ್ಬರು ಸಸ್ಯ ಸಂರಕ್ಷಣಾ ಕಾರ್ಯಕರ್ತರು, ಗಂಗಾವತಿ