ರಾತ್ರಿಯ ಬಾಡಿಗೆ

ಚಿ. ಗಣೇಶನಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಊರಿನ ಸುದ್ದಿಯೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ನಾನು ಬರೆಯಲು ಕುಳಿತದ್ದು ನಿನ್ನ ಕಾಗದದ ಒಂದೇ ಸಾಲಿಗಾಗಿ. ‘ಹಗಲಿನ ಬಾಡಿಗೆ ಸಾಲುವುದಿಲ್ಲ, ರಾತ್ರಿಯೂ ರಿಕ್ಷಾ ಓಡಿಸುತ್ತೇನೆ, ನಿದ್ದೆ ಗಾಡಿಯಲ್ಲೇ’ ಎಂದು ಬರೆದು, ಮುಂದಿನ ಸಾಲಿನಲ್ಲಿ ಮಳೆಯ ವಿಷಯಕ್ಕೆ ಹೋಗಿಬಿಟ್ಟಿದ್ದೀಯ. ನನಗೆ ಆ ಸಾಲು ದಾಟಲಾಗಲಿಲ್ಲ.

ಮುಂಬೈಯ ಅಂಧೇರಿ ಸ್ಟೇಷನ್ನಿನ ರಿಕ್ಷಾ ಸಾಲಿನಲ್ಲಿ ನಿಂತು ನೀನು ಸರ್ಕಾರವನ್ನು ಬೈಯುವುದರಲ್ಲಿ ತಪ್ಪೇನಿಲ್ಲ. 2017ರ ಜೂನ್‌ನಲ್ಲಿ ಪರ್ಮಿಟ್‌ಗಳ ಮಿತಿ ತೆಗೆದರು, ರಿಕ್ಷಾಗಳು ತುಂಬಿಕೊಂಡವು. ದರ ಮಾತ್ರ ಈಗಲೂ ಸರ್ಕಾರ ಹೇಳಿದ್ದೇ: ಆಗ ಕನಿಷ್ಠ 18 ರೂಪಾಯಿ, 2025ರ ಫೆಬ್ರವರಿಯಿಂದ 26. ಗಾಡಿ ಎಷ್ಟೇ ಹೆಚ್ಚಿದರೂ ಗಿರಾಕಿಗೆ ಒಂದು ರೂಪಾಯಿ ಕಡಿಮೆಯಾಗುವುದಿಲ್ಲ. ಕಡಿಮೆಯಾಗುವುದು ಒಬ್ಬೊಬ್ಬ ಚಾಲಕನ ಪಾಲಿನ ಬಾಡಿಗೆ. ಅಷ್ಟು ಹೊತ್ತು ಕಾದವನು ಹತ್ತಿರದ ಜಾಗವೆಂದರೆ ಬರುವುದಿಲ್ಲವೆಂದು ತಲೆಯಾಡಿಸಿಬಿಡುತ್ತಾನೆ. ಕಣ್ಣೆದುರು ರಿಕ್ಷಾಗಳ ಸಾಲೇ ಇದ್ದರೂ ಆಸ್ಪತ್ರೆಗೆ ಹೊರಟ ಮುದುಕಿಗೆ ಗಾಡಿಯಿಲ್ಲ. ನೀನು ಹಾಗೆ ಮಾಡುವವನಲ್ಲ ಎಂದುಕೊಂಡಿದ್ದೇನೆ.

ಆದರೆ ಹಿಂದಿನ ಕಾಲವನ್ನು ಅಷ್ಟು ಹೊಗಳಬೇಡ. 1997ರಲ್ಲಿ ಹೊಸ ಪರ್ಮಿಟ್ ನಿಲ್ಲಿಸಿದ ಮೇಲೆ ಹಳೆಯ ಪರ್ಮಿಟ್ ಇದ್ದವನೇ ಸೇಠ್. ಅದು ಕೈ ಬದಲಾಗುವಾಗ ಲಕ್ಷಗಳ ಮಾತು. ನನ್ನ ಬಳಿ ಟ್ಯಾಕ್ಸಿ ಓಡಿಸಲು ಬೇಕಾದ ಬ್ಯಾಡ್ಜ್ ಇತ್ತು, ಪರ್ಮಿಟ್ ಇರಲಿಲ್ಲ. ಕೊನೆಯವರೆಗೂ ಇನ್ನೊಬ್ಬರ ಪದ್ಮಿನಿ ಟ್ಯಾಕ್ಸಿಯನ್ನೇ ಓಡಿಸಿದೆ. ಗಿರಾಕಿ ಸಿಗಲಿ ಬಿಡಲಿ, ಮಾಲೀಕನಿಗೆ ದಿನದ ಹಣ ಎಣಿಸಿ ಕೊಡಲೇಬೇಕಿತ್ತು. ಸ್ವಂತ ಗಾಡಿಯಲ್ಲಿ ನಿನ್ನ ಅಜ್ಜನನ್ನು ಒಮ್ಮೆ ಕೂರಿಸಿ ಮರೀನ್ ಡ್ರೈವ್ ಸುತ್ತಿಸಬೇಕೆಂದಿದ್ದೆ. ಆಗಲಿಲ್ಲ. ನೀನು ಇಷ್ಟು ಚಿಕ್ಕ ವಯಸ್ಸಿಗೆ ಮಾಲೀಕನಾದೆ ಎಂದು ಕೇಳಿದಾಗ, ಹೇಳಬಾರದು, ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗಿತ್ತು.

ಒಂದು ಮಾತ್ರ ನಮಗಿತ್ತು, ನಿನಗಿಲ್ಲ. ಸಂಜೆ ಐದಕ್ಕೆ ರಾತ್ರಿ ಪಾಳಿಯವನು ಕೀಲಿ ಕೇಳಲು ಬಂದು ನಿಲ್ಲುತ್ತಿದ್ದ. ತಡವಾದರೆ ಜಗಳ. ಗಾಡಿಗೆ ವಿಶ್ರಾಂತಿ ಇಲ್ಲದಿದ್ದರೂ ಮನುಷ್ಯ ಕೋಣೆಗೆ ಹೋಗಿ ಮಲಗಲೇಬೇಕಿತ್ತು. ನಿನ್ನ ಕೀಲಿ ಕೇಳುವವರು ಯಾರೂ ಇಲ್ಲವಲ್ಲ, ಗಣೇಶ. ಬ್ಯಾಂಕಿನ ಕಂತೊಂದು ಇದೆ, ಅದು ಮಲಗು ಎನ್ನುವುದಿಲ್ಲ.

ನಿದ್ದೆ ಬರುವಾಗ ತಿಳಿಯುತ್ತದೆ ಎಂದುಕೊಳ್ಳಬೇಡ. ಪಾಳಿಯವನು ಊರಿಗೆ ಹೋಗಿದ್ದಾಗ ದುಡ್ಡಿನ ಆಸೆಗೆ ನಾನೇ ಎರಡೂ ಪಾಳಿ ಮಾಡಿದೆ. ಬೆಳಗಿನ ಜಾವ ಮಾಹಿಮ್‌ನ ಸಿಗ್ನಲ್‌ನಲ್ಲಿ ನಿಂತಿದ್ದೆ, ಕೈ ಗೇರಿನ ಮೇಲಿತ್ತು, ಕೆಂಪು ದೀಪವನ್ನು ನೋಡುತ್ತಲೇ ಇದ್ದೆ. ಹಿಂದಿನ ಸೀಟಿನ ಹೆಂಗಸು ಭುಜ ತಟ್ಟಿದರು. ದೀಪ ಹಸಿರಾಗಿ ಮತ್ತೆ ಕೆಂಪಾಗಿತ್ತಂತೆ. ಆಕೆ ಹಣ ಕೊಟ್ಟು ಅಲ್ಲಿಯೇ ಇಳಿದುಹೋದರು, ಏನೂ ಬೈಯಲಿಲ್ಲ. ನಿಂತಿದ್ದಾಗ ಬಂದ ನಿದ್ದೆ ಅದು, ಓಡುತ್ತಿದ್ದಾಗ ಬಂದಿದ್ದರೆ?

ನಡುರಾತ್ರಿಯಿಂದ ಐದರವರೆಗೆ ಮೀಟರಿನ ಮೇಲೆ ಕಾಲು ಭಾಗ ಹೆಚ್ಚು ಸಿಗುತ್ತದೆ, ಆ ಸೆಳೆತ ನನಗೆ ಗೊತ್ತಿಲ್ಲವೆಂದಲ್ಲ. ಕಂತು ಕಟ್ಟುವವನು ನೀನು, ಇಲ್ಲಿ ಜಗಲಿಯಲ್ಲಿ ಕುಳಿತು ಹೇಳುವುದು ನನಗೆ ಸುಲಭ. ಆದರೂ, ಬ್ಯಾಡ್ಜ್ ಇರುವ ನಂಬಿಕಸ್ಥ ಹುಡುಗನೊಬ್ಬನಿಗೆ ರಾತ್ರಿಯ ಪಾಳಿ ಕೊಡಬಾರದೇ? ನನ್ನ ಮಾಲೀಕ ಕೇಳುತ್ತಿದ್ದಷ್ಟು ಅವನನ್ನು ಕೇಳಬೇಡ. ಶಾಲೆಯ ಮಕ್ಕಳನ್ನು ಬಿಟ್ಟುಬರುವ ತಿಂಗಳ ಬಾಡಿಗೆ ಸಿಗುತ್ತದೆಯೇ ವಿಚಾರಿಸು. ಇದನ್ನೆಲ್ಲ ನೀನು ಆಗಲೇ ನೋಡಿರಲೂಬಹುದು. ಕಂತು ತಪ್ಪುವಂತಿದ್ದರೆ ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಮಾತಾಡು. ಒಂದೆರಡು ಕಂತಿನಷ್ಟು ಹಣ ನನ್ನ ಬಳಿಯೂ ಇದೆ, ನಿನ್ನ ದೊಡ್ಡಮ್ಮನಿಗೂ ಹೇಳಿದ್ದೇನೆ. ಬೇಕೋ ಬೇಡವೋ ಬರೆ. ರಾತ್ರಿ ಪಾಳಿಗೆ ಯಾರಾದರೂ ಸಿಕ್ಕಿದರೆ ಅವನ ಹೆಸರನ್ನೂ ಬರೆ.

ಇತಿ,
ನಿನ್ನ ದೊಡ್ಡಪ್ಪ