ಕಿಟಕಿ ಸೀಟು ಸರಿ, ಆದರೆ ಯಾವ ಬದಿ?

ಮಾನ್ಯರೇ,

ಮಂಗಳೂರಿನ ಬಜಪೆ ನಿಲ್ದಾಣದಿಂದ ವಿಮಾನ ಹತ್ತುವ ನಮ್ಮವರು ಹೆಚ್ಚುವರಿ ದುಡ್ಡು ಕೊಟ್ಟಾದರೂ ಕಿಟಕಿ ಸೀಟು ಹಿಡಿಯುತ್ತಾರೆ. ಯಾವ ಬದಿ ಎಂದು ಮಾತ್ರ ಯೋಚಿಸುವುದಿಲ್ಲ. ಮಕ್ಕಳಿಗೆ ಭೂಗೋಳ ಕಲಿಸಿದ ನನಗೆ ಇದು ನಿಜಕ್ಕೂ ಬೇಸರದ ವಿಷಯ.

ಮುಂಬೈ ಇರುವುದು ಉತ್ತರಕ್ಕೆ. ಹೋಗುವಾಗ ಕಡಲು ಎಡಕ್ಕೆ, ಅಂದರೆ ‘ಎ’ ಸೀಟು. ಬರುವಾಗ ಬಲಕ್ಕೆ, ‘ಎಫ್’. ಮೋಡವಿಲ್ಲದಿದ್ದರೆ ಮೊದಲ ಕೆಲವು ನಿಮಿಷ ಕಣ್ಣು ತೆಗೆಯಬೇಡಿ. ಪಣಂಬೂರಿನ ಬಂದರು, ಆಮೇಲೆ ಸಸಿಹಿತ್ಲು. ಅಲ್ಲಿ ನಂದಿನಿ, ಶಾಂಭವಿ ಎರಡೂ ಸೇರಿ ಕಡಲಿಗೆ ಹೋಗುತ್ತವೆ. ನಡುವೆ ಸಪೂರ ಮರಳಿನ ಪಟ್ಟಿ, ಒಂದು ಕಡೆ ಹೊಳೆಯ ಮಣ್ಣುಬಣ್ಣದ ನೀರು, ಇನ್ನೊಂದು ಕಡೆ ನೊರೆ. ಅಳಿವೆ ಎಂದರೇನು ಎಂದು ಕರಿಹಲಗೆಯಲ್ಲಿ ಎಷ್ಟು ಬರೆದರೂ ಇಷ್ಟು ಚೆನ್ನಾಗಿ ಅರ್ಥವಾಗುವುದಿಲ್ಲ.

ಬೆಂಗಳೂರಿಗಾದರೆ ಎಡಬದಿಯೇ ಒಳ್ಳೆಯದು. ಕುದುರೆಮುಖದ ಸಾಲು ಸಾಮಾನ್ಯವಾಗಿ ಆ ಕಡೆಗೆ ಬರುತ್ತದೆ. ಚಳಿಗಾಲದ ಬೆಳಿಗ್ಗೆ ಬಲಬದಿಯವರ ಕಣ್ಣಿಗೆ ಬಿಸಿಲು ಹೊಡೆಯುತ್ತದೆ.

ರೆಕ್ಕೆಯ ಮೇಲಿನ ಸಾಲು ಬೇಡ, ಸುಮ್ನೆ ತಗಡು ನೋಡಬೇಕಾಗುತ್ತದೆ. ರೆಕ್ಕೆಯ ಹಿಂದೆಯೇ ಕೂತರೆ ಇಂಜಿನ್ನಿನ ಬಿಸಿಗಾಳಿಗೆ ನೋಟ ನಡುಗುತ್ತದೆ. ಮುಂದಿನ ಸಾಲುಗಳೇ ಲೇಸು. ಬೋಯಿಂಗ್ 737ರಲ್ಲಿ ರೆಕ್ಕೆಯ ಸ್ವಲ್ಪ ಮುಂದೆ ಎಡಕ್ಕೆ ಒಂದು ಕಡೆ ಎಸಿ ಕೊಳವೆಗಾಗಿ ಕಿಟಕಿಯನ್ನೇ ಬಿಟ್ಟಿರುತ್ತಾರೆ. ಅಂಥ ಸೀಟಿಗೂ ಕಿಟಕಿಯ ದರ ತೆಗೆದುಕೊಳ್ಳುವುದು ನ್ಯಾಯವಲ್ಲ, ಅಲ್ವಾ?

ವಿಮಾನ ಕಂಪನಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಸೀಟು ಆರಿಸುವ ನಕ್ಷೆಯಲ್ಲಿ ಕಡಲು ಯಾವ ಕಡೆ, ಘಟ್ಟ ಯಾವ ಕಡೆ ಎಂದು ಕನ್ನಡದಲ್ಲಿ ಒಂದು ಸಾಲು ಬರೆಯಿರಿ.

– ನಿವೃತ್ತ ಶಿಕ್ಷಕಿ, ಸುರತ್ಕಲ್